ಎಲ್ಲರೂ ತಿದ್ದುವ ವಿಶ್ವಕೋಶದಲ್ಲಿ ಯಾವ ಪುಟಕ್ಕೆ ಬೀಗ?

ವಿಕಿಪೀಡಿಯದ ಬಹುಪಾಲು ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಶುರುವಾಗಿ, 2003ರಲ್ಲಿ ಕನ್ನಡಕ್ಕೂ ಬಂದ ಈ ವಿಶ್ವಕೋಶ ಬೆಳೆದದ್ದೇ ಈ ಮುಕ್ತತೆಯಿಂದ. ಆದರೂ ಕೆಲವು ಪುಟಗಳ ಮೇಲ್ತುದಿಯಲ್ಲಿ ಪುಟ್ಟ ಬೀಗದ ಗುರುತು ಇರುತ್ತದೆ. ಅಂಥ ಪುಟವನ್ನು ಓದಲು ಯಾರಿಗೂ ತಡೆಯಿಲ್ಲ. ತಿದ್ದಲು ಮಾತ್ರ ಅರ್ಹತೆ ಬೇಕು.

ಇಂಥ ಕಟ್ಟುಪಾಡು ಬಿಗಿಯಾಗಲು 2005ರ ಒಂದು ಘಟನೆ ಕಾರಣವಾಯಿತು. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಹತ್ಯೆಯ ಜೊತೆ ನಂಟು ಕಲ್ಪಿಸಿದ ಸುಳ್ಳು ಬರಹ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರ ಪುಟದಲ್ಲಿ ಹಾಗೆಯೇ ಉಳಿದಿತ್ತು. ಅದೇ ಡಿಸೆಂಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯ, ಖಾತೆ ಇಲ್ಲದವರು ಹೊಸ ಪುಟ ತೆರೆಯುವುದನ್ನು ನಿಲ್ಲಿಸಿತು. ಅರೆ ರಕ್ಷಣೆ ಎಂಬ ಏರ್ಪಾಡೂ ಆಗಲೇ ಬಂತು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಈಗ ಮುಖ್ಯವಾಗಿ ಮೂರು ಹಂತಗಳಿವೆ. ಬೂದು ಬೀಗವಿರುವ, ಅಂದರೆ ಅರೆ ರಕ್ಷಣೆಯ, ಪುಟವನ್ನು ತಿದ್ದಲು ಖಾತೆಗೆ ನಾಲ್ಕು ದಿನ ತುಂಬಿರಬೇಕು, ಕನಿಷ್ಠ 10 ತಿದ್ದುಪಡಿ ಆಗಿರಬೇಕು. ನೀಲಿ ಬೀಗಕ್ಕೆ 30 ದಿನ ಮತ್ತು 500 ತಿದ್ದುಪಡಿ ಬೇಕು. ಅರಬ್–ಇಸ್ರೇಲ್ ಸಂಘರ್ಷದಂಥ ವಿಷಯಗಳಿಗೆ ಈ ನಿಯಮವಿದೆ. ಹೊಂಬಣ್ಣದ ಬೀಗವಿದ್ದರೆ ತಿದ್ದುವ ಅಧಿಕಾರ ನಿರ್ವಾಹಕರಿಗೆ ಮಾತ್ರ. ಕಿಡಿಗೇಡಿಗಳ ಕಾಟ ಹೆಚ್ಚಿದಾಗ ಮೊದಲನೆಯದು ಸಾಮಾನ್ಯವಾಗಿ ಸಾಕಾಗುತ್ತದೆ. ಹಳಬರೇ ಪರಸ್ಪರರ ಬರಹವನ್ನು ಅಳಿಸುತ್ತ ಹಟಕ್ಕೆ ಬಿದ್ದಾಗ ಮೂರನೆಯದನ್ನು ಕೊಂಚ ಕಾಲ ಹಾಕಿ, ಚರ್ಚೆಪುಟದಲ್ಲಿ ಮಾತುಕತೆಗೆ ಕೂರಿಸಲಾಗುತ್ತದೆ.

ಈ ಬೀಗ ಬೀಳುವುದು ಇಡೀ ಪುಟಕ್ಕೆ. ಒಂದು ಲೇಖನದ ಪೀಠಿಕೆಯನ್ನಷ್ಟೇ ಮುಚ್ಚಿ ಉಳಿದದ್ದನ್ನು ತೆರೆದಿಡುವ ಸೌಲಭ್ಯ, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ರಕ್ಷಣೆಯಲ್ಲಿಲ್ಲ. ಒಂದು ಭಾಗವನ್ನು ಕಾಯಲೇಬೇಕಾದರೆ ಅದನ್ನು ಪ್ರತ್ಯೇಕ ಟೆಂಪ್ಲೇಟಾಗಿ ಬರೆದು, ಅದಕ್ಕೆ ಬೀಗ ಹಾಕಿ, ಬೇಕಾದ ಪುಟಕ್ಕೆ ಸೇರಿಸಬೇಕು. ಸಾವಿರಾರು ಪುಟಗಳಲ್ಲಿ ಬಳಕೆಯಾಗುವ ಟೆಂಪ್ಲೇಟುಗಳಿಗೆ ಈ ಕಾವಲು ಅತ್ಯಗತ್ಯ. ಅಲ್ಲಿ ಒಂದು ಅಕ್ಷರ ಕೆಟ್ಟರೂ ಅಷ್ಟೂ ಪುಟಗಳು ಕೆಡುತ್ತವೆ. ಓದುಗರೆಲ್ಲರ ಬ್ರೌಸರಿನಲ್ಲಿ ಓಡುವ ಕೋಡ್ ಇನ್ನೂ ಅಪಾಯಕಾರಿ. ಹೀಗಾಗಿ 2018ರಿಂದ ಅದನ್ನು ತಿದ್ದುವ ಅಧಿಕಾರವನ್ನು ಸಾಮಾನ್ಯ ನಿರ್ವಾಹಕರಿಂದಲೂ ತೆಗೆದು, ಪ್ರತ್ಯೇಕ ಗುಂಪಿಗೆ ಕೊಡಲಾಗಿದೆ.

ಬೀಗ ಹಾಕುವ ನಿರ್ವಾಹಕರು ಸಂಬಳದ ನೌಕರರಲ್ಲ, ಸಮುದಾಯ ಒಪ್ಪಿದ ಸ್ವಯಂಸೇವಕರು. ಯಾರು, ಯಾವಾಗ, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಹಾಕಿದರು ಎಂಬುದೆಲ್ಲ ಸಾರ್ವಜನಿಕ ದಾಖಲೆಯಲ್ಲಿರುತ್ತದೆ. ತಾವೇ ಪಾಲ್ಗೊಂಡ ಜಗಳದಲ್ಲಿ ನಿರ್ವಾಹಕರು ಬೀಗ ಹಾಕಕೂಡದು. ಅರ್ಹತೆ ಇಲ್ಲದವರೂ ಚರ್ಚೆಪುಟದಲ್ಲಿ ತಿದ್ದುಪಡಿ ಕೋರಬಹುದು.

ಎಲ್ಲ ಭಾಷೆಗಳೂ ಒಂದೇ ದಾರಿ ಹಿಡಿದಿಲ್ಲ. ಜರ್ಮನ್ ವಿಕಿಪೀಡಿಯದಲ್ಲಿ 2008ರಿಂದ ಹೊಸಬರ ತಿದ್ದುಪಡಿಯನ್ನು ಅನುಭವಿಗಳು ನೋಡಿ ಒಪ್ಪಿದ ಮೇಲೆಯೇ ಅದು ಸಾಮಾನ್ಯ ಓದುಗರಿಗೆ ಕಾಣುತ್ತದೆ. ಪೋರ್ಚುಗೀಸ್ ವಿಕಿಪೀಡಿಯ 2020ರಲ್ಲಿ, ಲೇಖನ ತಿದ್ದಲು ಖಾತೆ ಕಡ್ಡಾಯ ಎಂದಿತು. ಕನ್ನಡದಂಥ ಚಿಕ್ಕ ಸಮುದಾಯಕ್ಕೆ ಹೊಸ ಕೈಗಳೇ ಆಸ್ತಿ. ಇಲ್ಲಿ ‘ಇತ್ತೀಚೆಗಿನ ಬದಲಾವಣೆಗಳು’ ಪುಟದ ಮೇಲೆ ಕಣ್ಣಿಡುವುದು, ಕೆಟ್ಟದ್ದನ್ನು ಇತಿಹಾಸದಿಂದ ಹಿಂದಿನ ಸ್ಥಿತಿಗೆ ತರುವುದು, ನೀತಿಯ ಪ್ರಶ್ನೆಗಳನ್ನು ‘ಅರಳಿ ಕಟ್ಟೆ’ ಎಂಬ ಸಮುದಾಯದ ಚರ್ಚೆಪುಟದಲ್ಲಿ ಬಗೆಹರಿಸುವುದು ಮೊದಲ ಕಾವಲು.

ಕಾಟ ಕೊಡುವವರು ಒಬ್ಬರೇ ಆದರೆ ಪುಟ ಮುಚ್ಚುವ ಬದಲು ಅವರೊಬ್ಬರನ್ನೇ ತಡೆಯಬೇಕು. ಮುಚ್ಚಲೇಬೇಕಾದರೆ ಕೆಲಸ ಸಾಗುವಷ್ಟು ಕೆಳಗಿನ ಹಂತ ಆರಿಸಿ, ಅವಧಿ ನಿಗದಿಮಾಡಬೇಕು. ಅವಧಿ ಮುಗಿದೊಡನೆ ಬೀಗ ತಾನಾಗಿ ಕಳಚುತ್ತದೆ, ಪುಟ ಮತ್ತೆ ಎಲ್ಲರದಾಗುತ್ತದೆ.