ಹಿರಿಯೂರನ್ನು ಎಲ್ಲಿ ಬಿಡಿಸಬೇಕು?

ನಮ್ಮ ದುರ್ಗದ ಕಡೆ ಬಸ್ಸು ಹತ್ತಿದರೆ ಮತ್ತೆ ಮತ್ತೆ ಕಾಣುವ ಹೆಸರುಗಳು ನಾಲ್ಕು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ರಜೆಗೆ ಬಂದಿದ್ದ ಮೊಮ್ಮಗಳು ಇಂಗ್ಲಿಷ್ ಅಕ್ಷರ ನೋಡಿ ಕೊನೆಯದನ್ನು ‘ಹೋಲಲ್‌ಕೇರ್’ ಎಂದು ಓದಿದಳು. ಅವಳನ್ನು ದೂರುವಂತಿಲ್ಲ. ಇಂಗ್ಲಿಷಿನಲ್ಲಿ ‘ಳ’ಕ್ಕೆ ಬೇರೆ ಅಕ್ಷರವಿಲ್ಲ, ‘ಒ’ಗೂ ‘ಓ’ಗೂ ಒಂದೇ ಗುರುತು. ಆದರೆ ಹೀಗೇ ಓದುತ್ತಾ ಹೋದರೆ ಹೆಸರಿನೊಳಗಿನ ಅರ್ಥವೇ ಕಳೆದುಹೋಗುತ್ತದೆ.

ಮಕ್ಕಳೇ, ಮೊದಲು ಬಾಯಿಯ ಲೆಕ್ಕ ಮಾಡೋಣ. ಚಪ್ಪಾಳೆ ತಟ್ಟುತ್ತಾ ಹೇಳಿ: ಚಿತ್-ರ-ದುರ್-ಗ, ಹಿ-ರಿ-ಯೂ-ರು, ಹೊ-ಸ-ದುರ್-ಗ, ಹೊ-ಳಲ್-ಕೆ-ರೆ. ನಾಲ್ಕು ಊರಿಗೂ ನಾಲ್ಕು ನಾಲ್ಕೇ ಚಪ್ಪಾಳೆ!

ಇನ್ನು ಅರ್ಥದ ಲೆಕ್ಕ. ಹೊಸದಾದ ದುರ್ಗ ಹೊಸದುರ್ಗ. ಗುಣ ಹೇಳುವ ಪದ ಹೆಸರಿನ ಜೊತೆ ಹೀಗೆ ಸೇರಿದರೆ ಅದು ಕರ್ಮಧಾರಯ ಸಮಾಸ. ಕೋಟೆ ಎಷ್ಟು ಹಳೆಯದಾದರೂ ಹೆಸರು ಮಾತ್ರ ಇನ್ನೂ ಹೊಸದು! ಹಿರಿಯ ಊರು ಹಿರಿಯೂರು. ಇಲ್ಲಿ ‘ಯ’ದ ಅಕಾರ ಬಿದ್ದು ‘ಊ’ ಬಂದು ಕೂತಿದೆ. ಎರಡು ಪದಗಳ ಹೊಲಿಗೆ ‘ಯೂ’ ಎಂಬ ಒಂದೇ ಅಕ್ಷರದೊಳಗಿದೆ. ಕೋಟೆಯ ಹೆಬ್ಬಾಗಿಲಲ್ಲೂ ಇದೇ ‘ಹಿರಿದು’ ಇದೆ, ಆದರೆ ‘ಹೆ’ ಆಗಿ ಕುಗ್ಗಿದೆ.

ಹೊಳಲು ಎಂದರೆ ಪಟ್ಟಣ. ಹೊಳಲಿನ ಕೆರೆ ಹೊಳಲ್ಕೆರೆ. ಇಲ್ಲಿ ಹೊಲಿಗೆ ‘ಲ್ಕೆ’ ಎಂಬ ಒತ್ತಕ್ಷರದ ನಡುವೆ. ಇದು ಗುಣದ ಮಾತಲ್ಲ, ‘ಯಾವುದರ ಕೆರೆ?’ ಎಂಬುದಕ್ಕೆ ಉತ್ತರ. ಹಾಗಾಗಿ ತತ್ಪುರುಷ.

ಇಂಗ್ಲಿಷಿನವರು ‘ವೆಲ್-ನೋನ್’, ‘ಓಲ್ಡ್-ಫ್ಯಾಷನ್ಡ್’ ಎಂದು ಬರೆಯುವಾಗ ನಡುವೆ ಒಂದು ಸಣ್ಣ ಗೆರೆ ಎಳೆಯುತ್ತಾರೆ. ಹೊಲಿಗೆ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿ ಆ ಗೆರೆ ಇಲ್ಲ. ಸಂಧಿ ಎರಡನ್ನೂ ಬೆಸೆದುಬಿಡುತ್ತದೆ. ಅರ್ಥ ಗೊತ್ತಿದ್ದವರಿಗಷ್ಟೇ ಹೊಲಿಗೆ ಕಾಣುತ್ತದೆ.

ಅರ್ಥ ಗೊತ್ತಿಲ್ಲದವರ ಬಾಯಲ್ಲಿ ಏನಾಗುತ್ತದೆ ನೋಡಿ. ಬ್ರಿಟಿಷರ ಕಾಲದ ಕಾಗದಗಳಲ್ಲಿ ನಮ್ಮ ಊರು ‘ಚಿತಲ್‌ಡ್ರೂಗ್’. ದುರ್ಗವೇ ಮಾಯ! ಹೊ-ಸ-ಪೇ-ಟೆ ಎಂಬ ನಾಲ್ಕು ಚಪ್ಪಾಳೆಯ ಊರು ‘ಹಾಸ್‌ಪೆಟ್’ ಆಗಿ ಎರಡಕ್ಕಿಳಿದಿತ್ತು. ‘ಹೊಸ’ ಎಂಬ ಗುಣವೂ ಹೋಗಿತ್ತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಹೊಸಪೇಟೆಗೆ ತನ್ನ ನಾಲ್ಕು ಚಪ್ಪಾಳೆಯೂ ಮರಳಿ ಸಿಕ್ಕಿತು.

ಅಜ್ಜ ಅಜ್ಜಿಯರೇ, ಇವತ್ತು ಸಂಜೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಊರಿನ ಹೆಸರನ್ನು ಬಿಡಿಸಿ. ಚಪ್ಪಾಳೆ ಮಕ್ಕಳು ಎಣಿಸಲಿ, ಅರ್ಥ ನೀವು ಹೇಳಿ. ಹಳೆಯ ಪದಗಳು ನಿಮಗೆ ಗೊತ್ತು. ಅವರಿಗೆ ದಾಟಿಸದಿದ್ದರೆ ಹಲಗೆಯ ಮೇಲೆ ಬರೀ ಅಕ್ಷರಗಳು ಉಳಿಯುತ್ತವೆ.