ಒಂದೇ ಮೇಜಿನ ಸುತ್ತ ಕೋಡು

ಮುಕ್ತ ತಂತ್ರಾಂಶ ಬರೆಯುವವರಲ್ಲಿ ಎಷ್ಟೋ ಜನ ಜೊತೆಗಾರರ ಮುಖವನ್ನೇ ನೋಡದೆ ವರ್ಷಗಟ್ಟಲೆ ಒಟ್ಟಿಗೆ ದುಡಿಯುತ್ತಾರೆ. ಕೆಲಸವೆಲ್ಲ ಕೂತಲ್ಲೇ ನಡೆಯುವಾಗ ಟಿಕೆಟ್ ತೆಗೆಸಿ, ವೀಸಾ ಮಾಡಿಸಿ, ಒಂದೂರಿನಲ್ಲಿ ವಾರಗಟ್ಟಲೆ ಕೂಡುವುದು ಯಾಕೆ?

ಕ್ಯಾಲ್ಗರಿಯ ಹತ್ತು ಮಂದಿ

1999ರ ಜೂನ್ 4ರಂದು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಹತ್ತು ಡೆವಲಪರ್‌ಗಳು ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದರು. ಆ ಊರನ್ನು ಆರಿಸಲು ಕಾನೂನೂ ಒಂದು ಕಾರಣ. ಮಾಹಿತಿಯನ್ನು ಗುಟ್ಟಾಗಿಡುವ ಗೂಢಲಿಪಿ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ಆಗ ಕಟ್ಟುಪಾಡು ಹಾಕಿತ್ತು. ಗಡಿಯಾಚೆ ಕೂತು ಬರೆದರೆ ಆ ತೊಡಕಿರಲಿಲ್ಲ. ‘ಹ್ಯಾಕಥಾನ್’ ಎಂಬ ಹೆಸರು ಮೊದಲು ಅಂಟಿಕೊಂಡ ಕೂಟಗಳಲ್ಲಿ ಇದೂ ಒಂದು. ಈಗಿನ ಕಾಲೇಜು ಹ್ಯಾಕಥಾನ್‌ಗಳ ಹಾಗೆ ಅದು ಬಹುಮಾನಕ್ಕಾಗಿ ನಡೆದ ಸ್ಪರ್ಧೆಯಲ್ಲ. ಬಾಕಿ ಉಳಿದ ಕೆಲಸ ಮುಗಿಸಲು ಸೇರಿದ್ದು. ಅದೇ ಡಿಸೆಂಬರಿನಲ್ಲಿ ಇದೇ ತಂಡದಿಂದ ಓಪನ್‌ಎಸ್‌ಎಸ್‌ಎಚ್ ಹೊರಬಂತು. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಇಂದು ಜಗತ್ತಿನ ಉದ್ದಗಲಕ್ಕೂ ಬಳಕೆಯಲ್ಲಿರುವುದು ಅದು.

ಒಂದು ಕೀಬೋರ್ಡು, ಎರಡು ತಲೆ

ಪೈಥಾನ್ ಭಾಷೆಯನ್ನು ಪೈಥಾನ್‌ನಲ್ಲೇ ಕಟ್ಟುವ ‘ಪೈಪೈ’ ಯೋಜನೆ ಹುಟ್ಟಿದ್ದೇ ಇಂಥದೊಂದು ಕೂಟದಲ್ಲಿ, 2003ರ ಫೆಬ್ರುವರಿಯಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ. ಪೈಥಾನ್ ಬಳಗ ಇದನ್ನು ‘ಸ್ಪ್ರಿಂಟ್’ ಎನ್ನುತ್ತದೆ. ಬೆಳಗ್ಗೆ ಎಲ್ಲರೂ ಸೇರಿ ಆಗಬೇಕಾದ ಕೆಲಸಗಳ ಪಟ್ಟಿ ಹಾಕುತ್ತಾರೆ. ಇಬ್ಬಿಬ್ಬರು ಒಂದೊಂದನ್ನು ಹಿಡಿಯುತ್ತಾರೆ. ಒಬ್ಬರು ಟೈಪ್ ಮಾಡುತ್ತಿದ್ದರೆ ಪಕ್ಕದವರ ಕಣ್ಣು ಪರದೆಯ ಮೇಲೆ: “ಇಲ್ಲಿ ಸೊನ್ನೆ ಬಂದರೆ ಏನಾಗುತ್ತೆ?” ಟೈಪ್ ಮಾಡುತ್ತಿದ್ದವರು ನಿಲ್ಲುತ್ತಾರೆ, ಒಂದು ಟೆಸ್ಟ್ ಬರೆದು ಓಡಿಸುತ್ತಾರೆ. ತಪ್ಪು ಹುಟ್ಟಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ. ಹಳಬರ ಪಕ್ಕ ಹೊಸಬರನ್ನು ಕೂರಿಸಿದರೆ ಇನ್ನೂ ಲಾಭ. ಬಿಲ್ಡ್ ಆಗದೆ ಒಬ್ಬರೇ ಮನೆಯಲ್ಲಿ ಇಡೀ ಸಂಜೆ ಒದ್ದಾಡುವ ತೊಂದರೆ ಇಲ್ಲಿ ಎರಡು ಮಾತಿನಲ್ಲಿ ಬಗೆಹರಿಯುತ್ತದೆ. ಬರಹದಲ್ಲಿ ವಾದ ಬೆಳೆದು ತಿಂಗಳುಗಟ್ಟಲೆ ನಿಂತುಹೋದ ತೀರ್ಮಾನಗಳೂ ಹೀಗೇ. ಎದುರಿಗೆ ಕೂತು, ಬೋರ್ಡಿನ ಮೇಲೆ ಚಿತ್ರ ಬರೆದು ಮಾತಾಡಿದಾಗ ಗಂಟು ಎಲ್ಲಿದೆಯೆಂದು ಇಬ್ಬರಿಗೂ ಕಾಣುತ್ತದೆ.

ನೀವು ನೀವೇ ತಾನೆ?

ಡೆಬಿಯನ್ ಲಿನಕ್ಸ್ ಬಳಗದವರು ವರ್ಷಕ್ಕೊಮ್ಮೆ ‘ಡೆಬ್‌ಕಾನ್ಫ್’ ಎಂದು ಸೇರುತ್ತಾರೆ. 2000ದಲ್ಲಿ ಫ್ರಾನ್ಸಿನ ಬೋರ್ದೋದಲ್ಲಿ ಶುರುವಾದ ಈ ಕೂಟ 2023ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಕೊಚ್ಚಿಗೂ ಬಂತು. ಭಾಷಣಗಳಿಗೆ ಮುಂಚಿನ ದಿನಗಳು ‘ಡೆಬ್‌ಕ್ಯಾಂಪ್’, ಅಂದರೆ ಬರೀ ಕೆಲಸ.

ಇಲ್ಲಿನ ಒಂದು ರೂಢಿಗೆ ಮುಖಾಮುಖಿ ಭೇಟಿ ಬೇಕೇ ಬೇಕು. ಡೆಬಿಯನ್ ಡೆವಲಪರ್ ಸೇರಿಸಿದ ಪ್ಯಾಕೇಜು ಅಸಂಖ್ಯ ಕಂಪ್ಯೂಟರ್‌ಗಳನ್ನು ಹೊಗುತ್ತದೆ. ಕಳಿಸಿದವರು ಯಾರೆಂಬುದಕ್ಕೆ ಅವರ ಡಿಜಿಟಲ್ ಸಹಿಯೇ ಸಾಕ್ಷಿ. ಆ ಸಹಿಯ ಕೀಲಿ ನಿಜಕ್ಕೂ ಅವರದ್ದೇ ಎಂದು ಹೇಳಲು ಇನ್ನೊಬ್ಬರು ಬೇಕು. ಹಾಗಾಗಿ ಇಬ್ಬರು ಎದುರುಬದುರು ನಿಂತು ಪಾಸ್‌ಪೋರ್ಟ್ ತೋರಿಸಿಕೊಳ್ಳುತ್ತಾರೆ, ಫೋಟೊಗೂ ಮುಖಕ್ಕೂ ತಾಳೆ ನೋಡುತ್ತಾರೆ, ಕೀಲಿಯ ಗುರುತಾದ 40 ಅಂಕಿ-ಅಕ್ಷರಗಳನ್ನು ಚೀಟಿಯೊಂದಿಗೆ ಹೋಲಿಸುತ್ತಾರೆ. ಆಮೇಲೆ ಒಬ್ಬರ ಕೀಲಿಗೆ ಇನ್ನೊಬ್ಬರು ಸಹಿ ಹಾಕುತ್ತಾರೆ.

ಬೆಂಗಳೂರು ಮತ್ತು ಖರ್ಚಿನ ಬಾಬತ್ತು

ಕರ್ನಾಟಕಕ್ಕೂ ಇದು ಹೊಸದಲ್ಲ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾದ ಸಮ್ಮೇಳನ ಮುಂದೆ ‘ಫಾಸ್ ಡಾಟ್ ಇನ್’ ಆಯಿತು. ಭಾಷಣ ಕೇಳಿ ಎದ್ದುಹೋಗುವುದು ಸಾಲದೆಂದು ‘ವರ್ಕ್‌ಔಟ್’ ಎಂಬ ಕೋಡ್ ಬರೆಯುವ ಗೋಷ್ಠಿಗಳನ್ನು ಸೇರಿಸಿಕೊಂಡಿತು. ಪೈಥಾನ್ ಬಳಗದ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು.

ಖರ್ಚು ಯಾರದು? ಪ್ರಾಯೋಜಕರನ್ನೇ ನೆಚ್ಚಿಕೊಂಡರೆ ಏನಾಗಬಹುದೆಂದು 2003ರಲ್ಲಿ ಓಪನ್‌ಬಿಎಸ್‌ಡಿ ಕಂಡಿತು. ಅದರ ಮುಖಂಡ ಥಿಯೋ ಡಿ ರಾಡ್ಟ್ ಇರಾಕ್ ಯುದ್ಧವನ್ನು ಪತ್ರಿಕೆಯೊಂದರಲ್ಲಿ ಟೀಕಿಸಿದ್ದರು. ಅದಾದ ಸ್ವಲ್ಪ ದಿನಕ್ಕೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ಅನುದಾನ ನಿಂತುಹೋಯಿತು, ಅದೂ ಹ್ಯಾಕಥಾನ್ ಹತ್ತಿರ ಬಂದಿದ್ದಾಗ. ಬಳಕೆದಾರರ ದೇಣಿಗೆಯ ಬಲದಿಂದ ಕೂಟ ನಡೆದೇ ನಡೆಯಿತು.

ಹಣ ಹೊಂದಿಸಿದರೂ ಎಲ್ಲರಿಗೂ ರಜೆ ಸಿಗುವುದಿಲ್ಲ, ವೀಸಾ ಸಿಗುವುದಿಲ್ಲ. ಒಳ್ಳೆಯ ತಂಡಗಳು ಅದಕ್ಕೇ ಮೇಜಿನ ಸುತ್ತ ಆದ ತೀರ್ಮಾನವನ್ನೂ ಅದರ ಕಾರಣವನ್ನೂ ಅಂದೇ ಬರೆದಿಡುತ್ತವೆ, ಬಾರದವರಿಗೂ ತಕರಾರು ಹೇಳಲು ಅವಕಾಶ ಕೊಡುತ್ತವೆ. ಅಷ್ಟು ಮಾಡದಿದ್ದರೆ ಕೋಡು ಮುಕ್ತವಾಗಿದ್ದರೂ ತೀರ್ಮಾನ ಬಂದವರ ಸೊತ್ತಾಗಿಬಿಡುತ್ತದೆ.