ನೀರೊಳಗಿನ ಕಟ್ಟಡವನ್ನು ಪರೀಕ್ಷಿಸುವ ಬಗೆ



ತುಂಗಭದ್ರಾ ಅಣೆಕಟ್ಟು ತುಂಬಿದಾಗ ನಮಗೆ ಕಾಣುವುದು ಅದರ ತಲೆ ಮಾತ್ರ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರ ನೀರು ನದಿಗೆ ಹರಿಯಿತು. ಕಾಲುವೆಯ ಕೊನೆಯಲ್ಲಿ ಹೊಲವಿರುವವರಿಗೆ ಅದೆಂಥ ವಾರವೆಂದು ಹೇಳಬೇಕಾಗಿಲ್ಲ. ನೀರು ಖಾಲಿ ಮಾಡದೆ, ಮುಳುಗಿರುವ ಭಾಗವನ್ನು ನೋಡಲು ಉಪಾಯವಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಉಪಾಯವಿದೆ. ಆ ಸರಪಳಿಯನ್ನು ಅದು ಉಳಿಸುತ್ತಿತ್ತೆಂದು ಮಾತ್ರ ನಾನು ಹೇಳುವುದಿಲ್ಲ.

ಬಾವಿಯೊಳಕ್ಕೆ ಕೂಗಿದರೆ ದನಿ ಮರಳಿ ಬರುತ್ತದಷ್ಟೆ. ಸೋನಾರ್ ಎಂಬ ಉಪಕರಣದ ಕೆಲಸವೂ ಅದೇ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ಓಡುತ್ತದೆ. ಕಳಿಸಿದ ಶಬ್ದ ಸೆಕೆಂಡಿನ ಐವತ್ತನೆಯ ಒಂದು ಪಾಲಿನಲ್ಲಿ ಮರಳಿದರೆ, ಹೋಗಿಬಂದ ದೂರ 30 ಮೀಟರು. ಎಂದರೆ ಎದುರಿನ ಗೋಡೆ 15 ಮೀಟರು ದೂರದಲ್ಲಿದೆ. ಹೀಗೆ ಸಾವಿರಾರು ಸಾರಿ ಅಳೆದರೆ ತಳದ ನಕ್ಷೆಯೇ ಸಿದ್ಧವಾಗುತ್ತದೆ. ಕೆಂಪು ನೀರಿನಲ್ಲಿ ಕ್ಯಾಮರಾ ಕುರುಡು, ಶಬ್ದಕ್ಕೆ ಆ ತೊಡಕು ಕಡಿಮೆ. ಜಲಾಶಯಗಳ ಹೂಳನ್ನು ಅಳೆಯುವುದೂ ದೋಣಿಯಿಂದ ಹೀಗೆಯೇ. ಮೊದಲು ಸುಮಾರು 132 ಟಿ.ಎಂ.ಸಿ. ಹಿಡಿಯುತ್ತಿದ್ದ ನಮ್ಮ ಜಲಾಶಯ 2016ರ ಅಳತೆಯಲ್ಲಿ ಸುಮಾರು 105ಕ್ಕೆ ಇಳಿದಿತ್ತು.

ಆದರೆ ಕೂದಲೆಳೆಯ ಬಿರುಕು ಸೋನಾರಿಗೆ ಸಿಕ್ಕುವುದಿಲ್ಲ. ಅದಕ್ಕೆ ಹತ್ತಿರ ಹೋಗಿ ನೋಡಬೇಕು. ಹಿಂದೆ ಮುಳುಗು ತಜ್ಞರೇ ಇಳಿಯುತ್ತಿದ್ದರು, ಈಗಲೂ ಇಳಿಯುತ್ತಾರೆ. ನೀರು ಸೆಳೆಯುವ ಬಾಯಿಯ ಬಳಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ, ಪ್ರಾಣಕ್ಕೇ ಅಪಾಯ. ಅಂಥಲ್ಲಿ ರೋಬೋಟು ಇಳಿಸುತ್ತಾರೆ. ರೋಬೋಟೆಂದರೆ ಕೈಕಾಲುಳ್ಳ ಗೊಂಬೆಯಲ್ಲ. ದೀಪ, ಕ್ಯಾಮರಾ, ಸೋನಾರ್ ಕಟ್ಟಿಕೊಂಡು ಸಣ್ಣ ಪಂಖಗಳಿಂದ ಈಜುವ ಪೆಟ್ಟಿಗೆ. ಉದ್ದನೆಯ ಕೇಬಲ್ಲಿನಿಂದ ದಡದವರು ಅದನ್ನು ನಡೆಸಿ, ಪರದೆಯಲ್ಲಿ ಗೋಡೆಯನ್ನು ನೋಡುತ್ತಾರೆ. ಕಂಡದ್ದನ್ನು ಸರಿಯಾಗಿ ಓದಲು ಅನುಭವಸ್ಥ ಇಂಜಿನಿಯರು ಬೇಕೇಬೇಕು.

ಸೇತುವೆಗಳಿಗೆ ಇದು ಇನ್ನೂ ಅಗತ್ಯ. ಪ್ರವಾಹದ ಸುಳಿ ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ನೀರಿಳಿದಾಗ ಆ ಗುಂಡಿಯಲ್ಲಿ ಸಡಿಲ ಹೂಳು ತುಂಬಿ ಎಲ್ಲವೂ ನೆಟ್ಟಗಿದ್ದಂತೆ ಕಾಣುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1987ರ ಏಪ್ರಿಲ್ 5ರಂದು ಸ್ಕೊಹ್ಯಾರಿ ಹಳ್ಳದ ಸೇತುವೆ ಇದೇ ಕೊರೆತದಿಂದ ಕುಸಿದು 10 ಜನ ಸತ್ತರು. ಆಮೇಲೆ ಆ ದೇಶದಲ್ಲಿ ಸೇತುವೆಗಳ ಮುಳುಗಿದ ಭಾಗವನ್ನೂ ಕಾಲಕಾಲಕ್ಕೆ ನೋಡಬೇಕೆಂಬ ನಿಯಮ ಬಂತು. ನಮ್ಮಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ದೊಡ್ಡ ಅಣೆಕಟ್ಟುಗಳನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಬೇಕೆನ್ನುತ್ತದೆ.

ಊರ ಕೆರೆಗೆ ಈ ಯಂತ್ರ ಬೇಡ. ಬೇಸಿಗೆಯಲ್ಲಿ ನೀರು ತಗ್ಗಿದಾಗ ನಾಲ್ಕು ಜನ ಇಳಿದು ತೂಬು ನೋಡಿದರೆ ಸಾಕು. ಕೆರೆ ತುಂಬಿದ್ದಾಗ ಏರಿಯ ಹೊರಮೈಯಲ್ಲಿ ಜಿನುಗುವ ನೀರು ಕದಡಿ ಮಣ್ಣು ತರುತ್ತಿದ್ದರೆ, ಅಥವಾ ತೂಬು ಮುಚ್ಚಿದ್ದರೂ ಒಳಗಡೆ ಸುಳಿ ಎದ್ದರೆ, ಬೆಳಗಾಗುವ ತನಕ ಕಾಯದೆ ಪಂಚಾಯಿತಿಗೂ ನೀರಾವರಿ ಇಂಜಿನಿಯರಿಗೂ ಸುದ್ದಿ ಮುಟ್ಟಿಸಿರಿ.